ಚುಕ್ಕಿಯ ಮುಂದಿನ ಹೆಸರು

ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನ ಎದುರಿನ ಓಣಿಯಲ್ಲಿ ಬಾಬುಲಾಲ ಢವಳಗಿಯ ಪ್ರೆಸ್ಸು ಇದೆ. ಈ ಸೀಮೆಯಲ್ಲಿ ಯಾರದೇ ಲಗ್ನವಾಗಲಿ, ಸ್ವಾಮಿಗಳೋ ಖಾಜಿಯೋ ಮಾಡಿಸುವುದು ಆಮೇಲಿನ ಮಾತು. ಮೊದಲು ಮಾಡಿಸುವವನು ಬಾಬುಲಾಲ. ಅವನ ಮಷಿನ್ನಿನಿಂದ ಲಗ್ನಪತ್ರಿಕೆ ಹೊರಬೀಳುವ ತನಕ ವರನೂ ತಾನು ವರ ಎಂದು ನಂಬುವುದಿಲ್ಲ.

ಅವನ ತಂದೆಯ ಕಾಲದಲ್ಲಿ ಅಲ್ಲಿ ಕಾಲಿನಿಂದ ತುಳಿಯುವ ಟ್ರೆಡಲ್ ಮಷಿನ್ ಇತ್ತು. ಲಗ್ನಸರಾಯಿಯಲ್ಲಿ, ಅಂದರೆ ಲಗ್ನಗಳ ಸುಗ್ಗಿಯಲ್ಲಿ, ಅದು ಓಡತೊಡಗಿದರೆ ಅತ್ತ ಆಲಮಟ್ಟಿ ಡ್ಯಾಮಿನ ಗೇಟು ಅಲುಗಾಡಿ ಒಂದಿಷ್ಟು ನೀರು ತಾನಾಗಿಯೇ ಹರಿದುಹೋಗುತ್ತಿತ್ತೆಂದು ಹೇಳುವವರಿದ್ದಾರೆ. ಸೀಸದ ಅಚ್ಚುಮೊಳೆಗಳಲ್ಲಿ ಅಕ್ಷರ ತಿರುವುಮುರುವಾಗಿ ಇರುತ್ತವಲ್ಲ, ಬಾಬುಲಾಲ ಅಕ್ಷರ ಕಲಿತದ್ದೇ ಅವನ್ನು ನೋಡಿ. ಹೀಗಾಗಿ ಸಾಲಿಯಲ್ಲಿ ಅವನ ಪಾಟಿ ಓದಲಿಕ್ಕೆ ಮಾಸ್ತರರು ಮನೆಯಿಂದ ಕನ್ನಡಿ ತರಬೇಕಾಗುತ್ತಿತ್ತು. ಕನ್ನಡಿ ಒಡೆದ ವರ್ಷ ಅವನು ನಾಪಾಸಾದ.

ಹೆಂಡತಿ ಅಖ್ತರಬೇಗಂ ಇಂಡಿ ತಾಲೂಕಿನ ಸಾಲೋಟಗಿಯವಳು. ಹಳೇ ಶಾಸನದ ಕಲ್ಲಿರುವ ಊರು ಅದು. ಗಂಡ ತನ್ನ ಅಚ್ಚಿನ ಬಗ್ಗೆ ಜಂಬ ಕೊಚ್ಚಿದಾಗಲೆಲ್ಲ ಅವಳು ತವರಿನ ಕಲ್ಲನ್ನು ಎತ್ತಿ ಅವನ ತಲೆಯ ಮೇಲೆ ಇಡುತ್ತಾಳೆ. ಆ ಕಲ್ಲಿನ ಮೇಲೂ ಹೆಸರುಗಳಿವೆ, ಆದರೆ ನನ್ನದು ಮೇಲಿರಬೇಕಿತ್ತು ಎಂದು ಇದುವರೆಗೆ ಯಾರೂ ಬಂದು ಜಗಳ ತೆಗೆದಿಲ್ಲ ಎನ್ನುತ್ತಾಳೆ.

ಅವಳ ಮಾತಿನಲ್ಲಿ ಅರ್ಥವಿದೆ. ನಮ್ಮ ಕಡೆಯ ಲಗ್ನಪತ್ರಿಕೆಯಲ್ಲಿ ಗಂಡು ಯಾರು, ಹೆಣ್ಣು ಯಾರು ಎಂದು ಯಾರೂ ಓದುವುದಿಲ್ಲ. ನೇರವಾಗಿ ಕೆಳಗೆ ಇಳಿದು ‘ತಮ್ಮ ಸುಖಾಗಮನ ಬಯಸುವವರು’ ಎಂಬ ಸಾಲಿಗೆ ಹೋಗುತ್ತಾರೆ. ಅಲ್ಲಿ ತನ್ನ ಹೆಸರು ಎಷ್ಟನೆಯದು, ತನಗಿಂತ ಮೇಲೆ ಯಾರು, ಅವನ ಯೋಗ್ಯತೆ ಏನು ಎಂದು ನೋಡುತ್ತಾರೆ. ಹೆಸರು ಒಂದು ಸಾಲು ಕೆಳಗಿಳಿದಿದ್ದಕ್ಕೆ ಒಬ್ಬರ ಹೊಲದ ಬಾಂದಾರ ಇನ್ನೊಬ್ಬರು ಒಡೆದುಕೊಂಡ ಅಣ್ಣತಮ್ಮಂದಿರು ಇದ್ದಾರೆ. ಯುದ್ಧಗಳು ರಾಜ್ಯಕ್ಕಾಗಿ ಆದವು ಎಂದು ಸಾಲಿಯಲ್ಲಿ ಕಲಿಸುತ್ತಾರೆ. ಆ ಕಾಲದ ಲಗ್ನಪತ್ರಿಕೆಗಳು ಸಿಕ್ಕಿದ್ದರೆ ನಿಜ ಸಂಗತಿ ಬೇರೆಯೇ ಇರುತ್ತಿತ್ತು.

ಕಾಲ ಬದಲಾಯಿತು. ಜನ ಕಾಗದದ ಪತ್ರಿಕೆಯನ್ನು ದೇವರ ಮುಂದೆ ಇಡಲಿಕ್ಕೆ, ತೀರ ಹತ್ತಿರದವರಿಗೆ ಕೊಡಲಿಕ್ಕೆ ಮಾತ್ರ ಮಾಡಿಸತೊಡಗಿದರು. ಉಳಿದವರಿಗೆಲ್ಲ ಫೋನಿನಲ್ಲೇ ಕರೆ. ಬಾಬುಲಾಲ ಸೋಲುವ ಗಂಡಲ್ಲ. ವಿಡಿಯೋ ನೋಡಿ ಕಲಿತು, ವೆಬ್‌ಸೈಟ್ ಜಾಗ ಕೊಡುವ ಕಂಪನಿಯವರಿಗೆ ಫೋನ್ ಹಚ್ಚಿ ಅವರ ತಲೆ ತಿಂದು, ‘ಢವಳಗಿಪತ್ರಿಕೆ ಡಾಟ್ ಇನ್’ ಎಂಬ ವಿಳಾಸ ಹಿಡಿದ. ಲಗ್ನಕ್ಕೊಂದು ಪುಟ. ಒತ್ತಿದರೆ ಪತ್ರಿಕೆ ತೆರೆಯುತ್ತದೆ, ಹೂ ಉದುರುತ್ತವೆ, ಶಹನಾಯಿ ಕೇಳುತ್ತದೆ. ಪತ್ರಿಕೆಗೆ ಅರಿಶಿಣ ಹಚ್ಚದೆ ಹೇಗೆ ಎಂದು ಮುದುಕಿಯರು ಫೋನಿನ ಗಾಜಿಗೇ ಹಚ್ಚುತ್ತಿದ್ದರು. ಆ ವರ್ಷ ಮುದ್ದೇಬಿಹಾಳದಲ್ಲಿ ಹಳದಿಯಾಗದ ಫೋನು ಇದ್ದರೆ ಅದು ಇನ್ನೂ ಡಬ್ಬಿ ಬಿಚ್ಚದ್ದೇ ಇರಬೇಕು.

ಹೀಗಿರುವಾಗ ಬಸಂತರಾಯರ ಮಗಳು ವಿದ್ಯಾವತಿಯ ಲಗ್ನ ಗೊತ್ತಾಯಿತು. ಬಸಂತರಾಯರದು ಮುದ್ದೇಬಿಹಾಳದ ಮಾರ್ಕೆಟ್ ಯಾರ್ಡಿನಲ್ಲಿ ಕಾಳಿನ ಅಂಗಡಿ. ವರನ ಕಡೆಯವರು ಮನಗೂಳಿಯವರು. ಎಲ್ಲ ಸರಿ ಇತ್ತು, ಪತ್ರಿಕೆಯ ವಿಷಯ ಒಂದನ್ನು ಬಿಟ್ಟು. ಯಾಕೆಂದರೆ ಹೊನ್ನವ್ವ ಇದ್ದಳು.

ಹೊನ್ನವ್ವ ಬಸಂತರಾಯರ ಅಕ್ಕ, ಸಿಂದಗಿಗೆ ಕೊಟ್ಟವಳು. ಹಿಂದೆ ಬಸಂತರಾಯರ ಮಗನ ಲಗ್ನವಾದಾಗ ಪತ್ರಿಕೆಯಲ್ಲಿ ಜಾಗ ಸಾಲದೆ ಅವಳ ಗಂಡನ ಹೆಸರು ‘ಹಾಗೂ ಸಮಸ್ತ ಬಂಧು ಬಳಗದವರು’ ಎಂಬುದರ ಕೆಳಗೆ, ಪ್ರೆಸ್ಸಿನ ಹೆಸರಿನ ಮಗ್ಗುಲಿಗೆ ಬಂದು ಬಿದ್ದಿತ್ತು. ಅಂದಿನಿಂದ ಅವಳು ತವರು ಮೆಟ್ಟಿರಲಿಲ್ಲ. ಯಾವುದೋ ಕೆಲಸಕ್ಕೆ ಹುನಗುಂದಕ್ಕೆ ಹೋಗಬೇಕಾದಾಗ ಬಸ್ಸು ಮುದ್ದೇಬಿಹಾಳದಲ್ಲಿ ನಿಂತಷ್ಟು ಹೊತ್ತೂ ಉಸಿರು ಹಿಡಿದುಕೊಂಡು ಕೂತಿದ್ದಳಂತೆ. ಈ ಊರಿನ ಗಾಳಿ ಬೇಡವೆಂದು.

ಆದರೆ ವಿದ್ಯಾವತಿ ಕಾಲೇಜು ಕಲಿತದ್ದು ಇದೇ ಸೋದರತ್ತೆಯ ಮನೆಯಲ್ಲಿ ಇದ್ದು. ತಂದೆ ಎಷ್ಟೇ ತಿಳಿಹೇಳಿದರೂ ಹುಡುಗಿ ಹಿಡಿದದ್ದು ಒಂದೇ ಮಾತು.

“ಅತ್ತಿ ಬರದಿದ್ರ ನಾ ಸುರಗಿ ನೀರಿಗೆ ಕೂಡಂಗಿಲ್ಲ. ಬೀಗರಿಗೆ ಏನ್ ಹೇಳ್ತೀ ಹೇಳ್ಕೋ ಅಪ್ಪಾ.”

ಸುರಗಿ ಎಂದರೆ ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಕೂಡಿಸಿ ನೀರೆರೆಯುವ ಶಾಸ್ತ್ರ. ಅದಿಲ್ಲದೆ ಮುಂದಿನ ಶಾಸ್ತ್ರಗಳಿಲ್ಲ, ವಧೂವರರ ಮೇಲೆ ಬೀಳುವ ಅಕ್ಕಿಕಾಳಿಲ್ಲ. ಬಸಂತರಾಯರು ಪ್ರೆಸ್ಸಿಗೆ ಬಂದು ಅಕ್ಕನ ಹೆಸರನ್ನೇ ಮೊದಲು ಹಾಕಿಬಿಡು ಎಂದರು. ಆ ಸುದ್ದಿ ಬಾಯಿಂದ ಹೊರಬಿದ್ದದ್ದೇ ತಡ, ಇಂಡಿಯಲ್ಲಿ ಲಿಂಬೆ ತೋಟ ಮಾಡಿಕೊಂಡಿದ್ದ ತಮ್ಮ ಕಲ್ಮೇಶ, ಅಕ್ಕನದು ಮೊದಲಾದರೆ ತನ್ನದು ಬೇಡವೇ ಬೇಡ ಎಂದ. ಬಸವನ ಬಾಗೇವಾಡಿಯ ಪರಶು, ಅಂದರೆ ಹುಡುಗಿಯ ಸೋದರಮಾವ, ಮಾವನಿಗಿಂತ ಮೇಲೆ ಯಾರದಾದರೂ ಹೆಸರು ಬಂದರೆ ತಾನು ಬಾಗೇವಾಡಿಯಲ್ಲೇ ಕೂತು ಅಕ್ಕಿಕಾಳು ಎಸೆಯುತ್ತೇನೆ, ತಲುಪಿದರೆ ತಲುಪಲಿ ಎಂದು ಹೇಳಿಕಳಿಸಿದ.

ಬಾಬುಲಾಲ ಗಡ್ಡ ಕೆರೆದುಕೊಂಡು ಯೋಚಿಸಿ, ಬಸಂತರಾಯರನ್ನು ಅಂಗಡಿಯ ಬಾಗಿಲಿಗೆ ಕರೆದು ಎದುರಿನ ಬಸ್‌ಸ್ಟ್ಯಾಂಡು ತೋರಿಸಿದ.

“ಸ್ಟ್ಯಾಂಡ್ ಒಂದ ಐತಿ ಹೌದಿಲ್ರಿ? ಆದ್ರ ಇಂಡಿ ಬಸ್ ನಿಲ್ಲೂ ಜಾಗಾ ಬ್ಯಾರೆ, ಸಿಂದಗಿ ಬಸ್ ನಿಲ್ಲೂ ಜಾಗಾ ಬ್ಯಾರೆ. ನಮ್ಮ ಸೈಟಿನ ಹೆಸರಿನ ಮುಂದ ಒಂದು ಚುಕ್ಕಿ ಇಟ್ಟು, ಅದರ ಮುಂದ ಊರ ಹೆಸರು ಬರದ್ರ ಆತು. ಸಬ್‌ಡೊಮೇನ್ ಅಂತಾರ. ಒಂದ ಸ್ಟ್ಯಾಂಡು, ನಾಕು ಪತ್ರಿಕಿ. ಪ್ರತಿಯೊಬ್ಬರ ಪತ್ರಿಕ್ಯಾಗ ಅವರವರ ಹೆಸರು ಮದ್ಲ.”

ಬಸಂತರಾಯರು ಸ್ಟ್ಯಾಂಡನ್ನು ಬಹಳ ಹೊತ್ತು ನೋಡಿದರು. ಮುದ್ದೇಬಿಹಾಳದ ಬಸ್‌ಸ್ಟ್ಯಾಂಡನ್ನು ಯಾರೂ ಅಷ್ಟು ಪ್ರೀತಿಯಿಂದ ನೋಡಿರಲಿಲ್ಲ.

ಬಾಬುಲಾಲ ಕೆಲಸಕ್ಕೆ ಕೂತ. ಕಂಪನಿಯವರು ಕೊಟ್ಟ ಪುಟದಲ್ಲಿ ‘ಇಂಡಿ’ ಎಂದು ಬರೆದು ಗುಂಡಿ ಒತ್ತಿದರೆ ಇಂಡಿಗೊಂದು ಖಾಲಿ ಕೋಣೆ ಹುಟ್ಟಿತು. ಅದರಲ್ಲಿ ಕಲ್ಮೇಶನ ಹೆಸರು ಮೇಲಿರುವ ಪತ್ರಿಕೆ ಇಟ್ಟ. ಹಾಗೆಯೇ ಬಾಗೇವಾಡಿ, ಹಾಗೆಯೇ ಮುದ್ದೇಬಿಹಾಳ. ಸಿಂದಗಿಯದನ್ನು ಮಾತ್ರ ಕೊನೆಗೆ ಇಟ್ಟುಕೊಂಡ. ಹೊನ್ನವ್ವನದು, ಎಲ್ಲಕ್ಕಿಂತ ಚೆಂದ ಆಗಬೇಕು. ಸುತ್ತಲೂ ಮಲ್ಲಿಗೆಯ ಅಂಚು, ಎರಡು ಕಡೆ ನವಿಲು, ಹೆಸರಿಗೆ ಬಂಗಾರದ ಬಣ್ಣ. ಎಲ್ಲಾ ಮುಗಿಸಿ ನಾಲ್ಕು ಊರಿಗೆ ನಾಲ್ಕು ವಿಳಾಸ ಕಳಿಸಿದ.

ಇಂಡಿಯಲ್ಲಿ ಕಲ್ಮೇಶ ತನ್ನ ಹೆಸರನ್ನು ಲಿಂಬೆಗಿಡಗಳಿಗೂ ತೋರಿಸಿದ. ಆ ಸಲದ ಕಾಯಿ ಸ್ವಲ್ಪ ಸಿಹಿಯಾಗಿದ್ದವಂತೆ. ಬಾಗೇವಾಡಿಯ ಪರಶು ಫೋನನ್ನು ಅಂಗಿಯ ಮೇಲಿನ ಕಿಸೆಯಲ್ಲಿ, ಗಾಜು ಹೊರಗೆ ಮಾಡಿ ಇಟ್ಟುಕೊಂಡು ಊರು ತಿರುಗಿದ. ಸಿಂದಗಿಯಿಂದ ಮಾತ್ರ ಸದ್ದಿಲ್ಲ.

ಆದದ್ದು ಇಷ್ಟು. ಪ್ರತಿಯೊಂದು ವಿಳಾಸಕ್ಕೂ ‘ಇದು ಸಾಚಾ ಮನೆ, ಒಳಗೆ ಹೋಗಬಹುದು’ ಎಂಬ ಒಂದು ಪ್ರಮಾಣಪತ್ರ ಇರಬೇಕು. ಫೋನು ಬಾಗಿಲಲ್ಲೇ ನಿಂತು ಅದನ್ನು ಕೇಳುತ್ತದೆ. ಬಾಬುಲಾಲ ಮೊದಲಿನ ಮೂರು ಹೆಸರು ಸೇರಿಸಿ ಪ್ರಮಾಣಪತ್ರ ತೆಗೆದ ಮೇಲೆ ಸಿಂದಗಿ ಹುಟ್ಟಿತ್ತು. ನವಿಲು ಬಿಡಿಸುವ ಭರದಲ್ಲಿ ಅದನ್ನು ಸೇರಿಸುವುದು ಮರೆತಿದ್ದ. ಈ ಸಲ ತನ್ನ ಹೆಸರೇ ಮೊದಲು ಎಂದು ಕೇಳಿದ ಹೊನ್ನವ್ವ, ಪತ್ರಿಕೆಯನ್ನು ತೆರೆದೂ ನೋಡದೆ ಸಿಂದಗಿಯ ಬಳಗಕ್ಕೆಲ್ಲ ಕಳಿಸಿದ್ದಳು. ಯಾರು ಒತ್ತಿದರೂ ಮಲ್ಲಿಗೆ ಇಲ್ಲ, ನವಿಲಿಲ್ಲ. ಕೆಂಪು ಗುರುತಿನ ಕೆಳಗೆ, ಇಲ್ಲಿಗೆ ಹೋಗುವುದು ಸುರಕ್ಷಿತವಲ್ಲ, ಕಳ್ಳರು ನಿಮ್ಮ ಮಾಹಿತಿ ಕದಿಯಬಹುದು ಎಂಬ ಎಚ್ಚರಿಕೆ. ಪಕ್ಕದ ಮನೆಯ ಸೊಸೆ ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿ ಹೇಳಿದಳು.

ಸುದ್ದಿ ಮುಟ್ಟಿದ್ದೇ ಬಾಬುಲಾಲ ತಾಳಿಕೋಟಿ ಮೇಲೆ ಹಾಯುವ ಬಸ್ಸು ಹಿಡಿದು ಸಿಂದಗಿಗೆ ಹೋದ. ಹೊನ್ನವ್ವ ಅವನನ್ನು ಕಟ್ಟೆಯ ಮೇಲೆ ಕೂಡಿಸಿದಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಕೆನೆಮೊಸರು ತಂದಿಟ್ಟಳು. ಮಾತು ಮಾತ್ರ ಅವನೊಂದಿಗೆ ಆಡಲಿಲ್ಲ. ಅಂಗಳದಲ್ಲಿ ಕಟ್ಟಿದ್ದ ಎಮ್ಮೆಯ ಕಡೆ ತಿರುಗಿ ನಿಂತಳು.

“ಕೇಳ್ದಿ ಇಲ್ಲೋ ನನ್ನವ್ವಾ. ಹಿಂದಕ ನಮ್ಮ ಮನಿಯವರ ಹೆಸರು ಪ್ರೆಸ್ಸಿನವನ ಮಗ್ಗಲಕ ಹಾಕಿದ್ರು. ಈಗ ನನ್ನ ಹೆಸರು ಕಳ್ಳರ ಮಗ್ಗಲಕ ಹಾಕ್ಯಾರ. ಮುಂದಿನ ಸಲ ಎಲ್ಲಿ ಹಾಕ್ತಾರೋ ಏನೋ.”

ಬಾಬುಲಾಲ ಎಮ್ಮೆಗೇ ಸಮಜಾಯಿಷಿ ಕೊಟ್ಟ. ತಪ್ಪು ತನ್ನದು, ಬಸಂತರಾಯರದಲ್ಲ, ಸಂಜೆಯೊಳಗೆ ರಿಪೇರಿ ಮಾಡುತ್ತೇನೆ ಎಂದ. ಎಮ್ಮೆ ಒಪ್ಪಿದಂತೆ ಕಾಣಿಸಿತು. ಹೊನ್ನವ್ವ ಒಪ್ಪಲಿಲ್ಲ.

ಊರಿಗೆ ಮರಳಿದ ಬಾಬುಲಾಲನಿಗೆ ಇನ್ನು ಇಂಥ ತಪ್ಪು ಆಗಲೇಬಾರದು ಎಂಬ ಹಟ ಬಂತು. ಹುಡುಕುತ್ತ ಹೋದಾಗ ಒಂದು ಉಪಾಯ ಸಿಕ್ಕಿತು. ಚುಕ್ಕಿಯ ಮುಂದೆ ಒಂದೊಂದೇ ಊರಿನ ಹೆಸರು ಸೇರಿಸುವ ಬದಲು ಅಲ್ಲಿ ಒಂದು ನಕ್ಷತ್ರದ ಗುರುತು ಇಟ್ಟರೆ ಮುಗಿಯಿತು. ಯಾವ ಹೆಸರು ಬರೆದರೂ ಪತ್ರಿಕೆ ತೆರೆಯುತ್ತದೆ, ಪ್ರಮಾಣಪತ್ರವೂ ಎಲ್ಲ ಹೆಸರಿಗೂ ಒಂದೇ ಸಾಕು. ಇಟ್ಟ. ಅಷ್ಟಕ್ಕೇ ಬಿಡಬೇಕಿತ್ತು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಊರಿನ ಹೆಸರಾದರೆ ಅಲ್ಲಿಯ ಹಿರಿಯರ ಹೆಸರು, ಬೇರೆ ಯಾವ ಹೆಸರಾದರೂ ಅದೇ ಹೆಸರು ‘ಸುಖಾಗಮನ ಬಯಸುವವರು’ ಎಂಬುದರ ಕೆಳಗೆ ಮೊದಲು ಬಂದು ಕೂಡುವ ಹಾಗೆ ಮಾಡಿದ. ಯಾರಾದರೂ ಹೊಸದಾಗಿ ತಕರಾರು ತೆಗೆದರೆ ಅವರನ್ನೂ ಮೊದಲಿಗೆ ಏರಿಸಿಬಿಡಬಹುದು ಎಂಬ ಲೆಕ್ಕ.

ಅಖ್ತರಬೇಗಂಗೆ ತೋರಿಸಿದ. ಅವಳು ನೋಡಿ, ಊರ ಅಗಸಿ ಬಾಗಿಲು ಕಿತ್ತು ಒಗೆದು ಬಂದು ಕಳ್ಳರ ಕಾಟ ತಪ್ಪಿತು ಅಂದಂಗಾತು ಎಂದಳು. ತವರಿನ ಕಲ್ಲಿನವಳು, ಇವಳಿಗೇನು ಗೊತ್ತು ಎಂದು ಬಾಬುಲಾಲ ನಕ್ಕ.

ಪ್ರೆಸ್ಸಿನ ಎದುರಿಗೆ ಚಹಾದಂಗಡಿ ಇಟ್ಟಿರುವ ಮಾನಪ್ಪ ದಿನದ ಹಾಗೆ ಚಹಾ ತಂದ. ಬಾಬುಲಾಲ ಸಂಭ್ರಮದಲ್ಲಿ ಅವನಿಗೂ ವಿವರಿಸಿದ. ಮಾನಪ್ಪ ಖಾಲಿ ಕಪ್ಪು ಹಿಡಿದುಕೊಂಡು ಹೊರಗೆ ಹೋಗಿ, ತನ್ನ ಫೋನಿನಲ್ಲಿ ಚುಕ್ಕಿಯ ಮುಂದೆ ‘ಮಾನಪ್ಪ’ ಎಂದು ಬರೆದ. ಹೂ ಉದುರಿದವು. ಶಹನಾಯಿ ಮೊಳಗಿತು. ತಮ್ಮ ಸುಖಾಗಮನ ಬಯಸುವವರು, ಮಾನಪ್ಪ. ಎರಡೂ ಕಡೆ ನವಿಲು.

ಈ ಮನುಷ್ಯನ ಹೆಸರು ಜನ್ಮದಲ್ಲಿ ಯಾವ ಪತ್ರಿಕೆಯಲ್ಲೂ ಬಂದಿರಲಿಲ್ಲ. ಅವನ ಲಗ್ನಕ್ಕೇ ಪತ್ರಿಕೆ ಇರಲಿಲ್ಲ, ಬಾಯಿಮಾತಿನಲ್ಲೇ ಆಗಿಹೋಗಿತ್ತು. ಬಸಂತರಾಯರಿಗೂ ಅವನಿಗೂ ಚಹಾದ ಹೊರತು ಸಂಬಂಧವಿಲ್ಲ. ಆದರೂ ಫೋನಿನಲ್ಲಿದ್ದ ಎಲ್ಲರಿಗೂ ಪತ್ರಿಕೆ ಕಳಿಸಿ, ಕುಟುಂಬಸಮೇತ ಬರಬೇಕೆಂದು ಬರೆದ.

ಮಾನಪ್ಪನಿಗೆ ಬಂದದ್ದು ತಮಗೂ ಬರುತ್ತದೆ ಎಂದು ಗೊತ್ತಾಗಲು ಊರಿಗೆ ಎಷ್ಟು ಹೊತ್ತು ಬೇಕು. ಅಟೋದವರು ತಮ್ಮ ಹೆಸರಿನಲ್ಲಿ ಕರೆದರು. ಮಾರ್ಕೆಟ್ ಯಾರ್ಡಿನ ಹಮಾಲರು ಕರೆದರು. ತಾಳಿಕೋಟಿ ಬಸ್ಸಿನ ಕಂಡಕ್ಟರು ಟಿಕೀಟು ಹರಿಯುತ್ತಲೇ ಪ್ಯಾಸೆಂಜರುಗಳ ಸುಖಾಗಮನ ಬಯಸಿದ. ಒಬ್ಬ ರೈತ ತನ್ನ ಹೋರಿಯ ಹೆಸರು ಬರೆದು ನೋಡಿದ. ಹೋರಿಯೂ ಬಯಸಿತು. ಕೊನೆಗೆ ಮನಗೂಳಿಯ ಬೀಗರು, ವರನ ಕಡೆಯವರು, ಅವರೂ ಒಬ್ಬೊಬ್ಬರಾಗಿ ತಮ್ಮ ಹೆಸರು ಹಾಕಿ ಕಳಿಸಿದರು. ಒಂದು ವಾರದೊಳಗೆ ಕೃಷ್ಣೆಯ ಈ ದಂಡೆಯಲ್ಲಿ ಕರೆಯದವನು ಉಳಿಯಲಿಲ್ಲ.

ಬಾಬುಲಾಲ ನಕ್ಷತ್ರ ಕಿತ್ತುಹಾಕಲು ಓಡಿದ. ಬಸಂತರಾಯರು ಕೈ ಹಿಡಿದರು.

“ಬ್ಯಾಡ ಬಾಬುಭಾಯಿ. ಈಗ ತಗದ್ರ ಅವರೆಲ್ಲಾರ ಪತ್ರಿಕಿ ಬಂದ್ ಆಗತಾವು. ಒಬ್ಬಾಕಿ ಅಕ್ಕನ್ನ ಸಂಭಾಳಸೂದ ಆಗವಲ್ದು ನನಗ. ಇಡೀ ತಾಲೂಕ ಮುನಿಸ್ಕೊಂಡ್ರ ಯಾರ ಕಾಲ ಹಿಡೀಲಿ?”

ನಕ್ಷತ್ರ ಉಳಿಯಿತು. ಸಿಂದಗಿಯ ಪತ್ರಿಕೆ ಈಗ ಸರಿಯಾಗಿ ತೆರೆಯುತ್ತಿತ್ತು. ಆದರೆ ಚಹಾದ ಮಾನಪ್ಪನಿಗೂ ಇರುವ ಮೊದಲ ಸ್ಥಾನ ಹೊನ್ನವ್ವನಿಗೆ ಯಾಕೆ ಬೇಕು. ಬರುತ್ತಾಳೋ ಇಲ್ಲವೋ ಎಂದು ಕೇಳಿದವರಿಗೆಲ್ಲ ಅವಳಿಂದ ಒಂದೇ ಉತ್ತರ ಬಂತು, ಎಮ್ಮೆ ಕರು ಹಾಕುವುದಿದೆ ಎಂದು. ಎಮ್ಮೆ ಗಬ್ಬವೇ ಇರಲಿಲ್ಲ ಎಂದು ಕಣ್ಣಾರೆ ನೋಡಿಬಂದಿದ್ದ ಬಾಬುಲಾಲ ಯಾರಿಗೂ ಹೇಳಲಿಲ್ಲ.

ಲಗ್ನದ ದಿನ ಬೆಳಿಗ್ಗೆ ಮುದ್ದೇಬಿಹಾಳದ ಕಲ್ಯಾಣಮಂಟಪದ ಮುಂದೆ ಕಂಡ ದೃಶ್ಯ ಲೋಕದಲ್ಲಿ ಇನ್ನೆಲ್ಲೂ ಕಂಡಿರಲಿಕ್ಕಿಲ್ಲ. ಕರೆದವರು ಬಾಗಿಲಲ್ಲಿ ನಿಲ್ಲಬೇಕು, ಬಂದವರನ್ನು ಒಳಗೆ ಕಳಿಸಬೇಕು. ಅದು ನಮ್ಮಲ್ಲಿ ರೂಢಿ. ಬಂದವರೆಲ್ಲ ಕರೆದವರೇ. ಎಲ್ಲರೂ ಬಾಗಿಲಲ್ಲಿ ನಿಂತರು. ಪತ್ರಿಕೆಯ ಮೇಲೆ ಹೆಸರಿದ್ದವನು ಒಳಗೆ ಹೋಗಿ ಕುರ್ಚಿಯ ಮೇಲೆ ಕೂತರೆ ಜನ ಏನೆಂದಾರು. ಬಾಗಿಲಿಂದ ಶುರುವಾದ ಸಾಲು ರಸ್ತೆ ದಾಟಿ ಬಸ್‌ಸ್ಟ್ಯಾಂಡಿನ ತನಕ ಹೋಗಿತ್ತು. ಒಬ್ಬರಿಗೊಬ್ಬರು ಕೈ ಮುಗಿಯುತ್ತ ಬರ್ರಿ ಬರ್ರಿ ಎನ್ನುತ್ತಿದ್ದರು, ಬರುವವನು ಒಬ್ಬನೂ ಇರಲಿಲ್ಲ. ಪನ್ನೀರನ್ನು ಒಬ್ಬರ ಮೇಲೊಬ್ಬರು ಎಷ್ಟು ಚಿಮುಕಿಸಿಕೊಂಡರೆಂದರೆ ಮಂಟಪದ ಮುಂದೆ ರಾಡಿಯಾಗಿ ಒಂದು ಟಂಟಂ ಅಟೋ ಹುಗಿದುಕೊಂಡಿತು.

ಒಳಗೆ ಕುರ್ಚಿಗಳು ಖಾಲಿ. ಶಿರಾ, ಉಪ್ಪಿಟ್ಟು ಹಬೆಯಾಡಿ ಆಡಿ ತಣ್ಣಗಾದವು. ಬಂದವರು ಉಣ್ಣದೆ ಕರೆದವರು ಎಲೆ ಮುಟ್ಟುವಂತಿಲ್ಲ. ಅಡಿಗೆಯವನು ಹೊರಗೆ ಬಂದು, ಇಷ್ಟು ಜನ ಇದ್ದೂ ಉಣ್ಣುವವನೊಬ್ಬನೂ ಇಲ್ಲದ ಲಗ್ನ ಇದೇ ಮೊದಲು ಎಂದು ಹೇಳಿ ಒಳಗೆ ಹೋಗಿ ಕೂತ. ಹಿಂದಿನ ಕೋಣೆಯಲ್ಲಿ ಸುರಗಿಯ ತಂಬಿಗೆಗಳು ನಾಲ್ಕು ಮೂಲೆಗೆ ಕೂತಿದ್ದವು, ನೂಲು ಸುತ್ತಿಯಾಗಿತ್ತು. ನಡುವಿನ ಮಣೆ ಖಾಲಿ ಇತ್ತು. ವಿದ್ಯಾವತಿ ಅದರ ಪಕ್ಕದ ನೆಲದ ಮೇಲೆ ಕೂತು ಬಾಗಿಲು ನೋಡುತ್ತಿದ್ದಳು. ಬೀಗರ ಕಡೆಯ ಹೆಂಗಸರು ಗುಸುಗುಸು ಶುರುಮಾಡಿದ್ದರು.

ಸಿಂದಗಿಯ ಬಸ್ಸು ಬಂದು ನಿಂತಿತು. ಇಳಿದದ್ದು ಹೊನ್ನವ್ವ. ಇಳಕಲ್ಲ ಸೀರೆ, ಕೈಯಲ್ಲಿ ಆರತಿತಟ್ಟೆಯ ಗಂಟು.

ಸಾಲಿನಲ್ಲಿದ್ದ ಅಷ್ಟೂ ಜನ ಒಮ್ಮೆಗೇ ಅವಳ ಕಡೆ ತಿರುಗಿದರು. ಕಲ್ಮೇಶ ಒಂದು ಕಡೆಯಿಂದ, ಪರಶು ಇನ್ನೊಂದು ಕಡೆಯಿಂದ ಪನ್ನೀರುದಾನಿ ಹಿಡಿದು ಓಡಿಬಂದರು. ಅವಳು ಯಾರ ಮುಖವನ್ನೂ ನೋಡಲಿಲ್ಲ. ರಾಡಿಯಲ್ಲಿ ಹುಗಿದ ಟಂಟಂ, ಕೈ ಮುಗಿದು ನಿಂತ ಮಂದಿ, ಒಳಗಿನ ಖಾಲಿ ಕುರ್ಚಿ, ಎಲ್ಲದರ ಮೇಲೂ ಒಂದು ಸಲ ಕಣ್ಣು ಹಾಯಿಸಿದಳು.

“ಎಲ್ಲಾರೂ ಕರದವರ ಆದ್ರ ಬಂದವರು ಯಾರು? ನಾ ಬಂದೇನಿ. ದಾರಿ ಬಿಡ್ರಿ.”

ಬಸಂತರಾಯರು ಮುಂದೆ ಬಂದು ಅಕ್ಕನ ಕಾಲು ಮುಟ್ಟಲು ಬಗ್ಗಿದರು. ಅವಳು ಕಾಲು ಹಿಂದಕ್ಕೆ ತೆಗೆದುಕೊಂಡಳು.

“ನಿನ್ನ ಪತ್ರಿಕಿಗಿ ಬಂದಿಲ್ಲೋ ತಮ್ಮಾ, ತಿಳ್ಕೋ. ಮಾನಪ್ಪ ಅನ್ನಾಂವ ಕರದಾನ. ಗುರ್ತಿಲ್ಲ, ಬಳಗಲ್ಲ, ನಮ್ಮ ಸಿಂದಗಿ ತನಕ ಮುಟ್ಟೈತಿ ಅವನ ಕರಿ. ಕುಟುಂಬಸಮೇತ ಬರ್ರಿ ಅಂತ ಎಷ್ಟು ಚಂದ ಬರದಾನ. ಎಲ್ಲಿ ಅದಾನ ಅಂವಾ?”

ಮಾನಪ್ಪ ಸಾಲಿನ ಕೊನೆಯಲ್ಲಿ ಚಹಾದ ಕಿಟ್ಲಿ ಹಿಡಿದು ನಿಂತಿದ್ದ. ಅವನನ್ನು ಮುಂದೆ ತಂದರು. ಗಾಬರಿಯಲ್ಲಿ ಅವನಿಗೆ ಕೈ ಮುಗಿಯಲಿಕ್ಕೂ ಬರಲಿಲ್ಲ, ಕಿಟ್ಲಿಯಿಂದ ಒಂದು ಕಪ್ಪು ಚಹಾ ಬಗ್ಗಿಸಿ ಕೊಟ್ಟ. ಹೊನ್ನವ್ವ ಅಲ್ಲೇ ನಿಂತು ಕುಡಿದು, ಕಪ್ಪು ಮರಳಿ ಕೊಟ್ಟು, ಒಳಗೆ ಹೋದಳು. ಹಿಂದಿನ ಕೋಣೆಯಲ್ಲಿ ವಿದ್ಯಾವತಿ ಎದ್ದು ಮಣೆಯ ಮೇಲೆ ಕೂತಳು. ಮೊದಲ ತಂಬಿಗೆ ನೀರು ಅತ್ತೆಯೇ ಎರೆದಳು. ಆಮೇಲೆ ಬಂದು ಪಂಕ್ತಿಯ ಮೊದಲ ಎಲೆಗೆ ಕೂತು ತಣ್ಣಗಾದ ಶಿರಾ ತಿಂದಳು. ಬಂದವರು ಒಬ್ಬರಾದರೂ ಉಂಡರಲ್ಲ, ಇನ್ನು ಅಡ್ಡಿಯಿಲ್ಲ ಎಂದು ಬಾಗಿಲಲ್ಲಿದ್ದವರೆಲ್ಲ ಒಳಗೆ ನುಗ್ಗಿದರು. ಅಡಿಗೆಯವನು ಆ ದಿನ ಮೂರು ಸಲ ಮೂರ್ಛೆ ಹೋದನೆಂದು ಕೇಳಿದ್ದೇನೆ.

ಬಾಬುಲಾಲ ಮರುದಿನವೇ ನಕ್ಷತ್ರ ತೆಗೆದ. ಊರುಗಳ ನಾಲ್ಕು ಕೋಣೆಗಳನ್ನೂ ಅಳಿಸಿದ. ಚುಕ್ಕಿಯ ಮುಂದೆ ಒಂದೇ ಹೆಸರು ಉಳಿಸಿದ, ಮಾನಪ್ಪನದು. ಅದನ್ನು ಒತ್ತಿದರೆ ಈಗಲೂ ಹೂ ಉದುರುತ್ತವೆ, ಶಹನಾಯಿ ಕೇಳುತ್ತದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಚಹಾದಂಗಡಿಯಿಂದ ಆ ಶಹನಾಯಿ ಪ್ರೆಸ್ಸಿಗೆ ಕೇಳಿಸುತ್ತದೆ.

ಮೊನ್ನೆ ಇಂಡಿಯ ಕಲ್ಮೇಶ ಮಗಳ ಲಗ್ನಪತ್ರಿಕೆ ಮಾಡಿಸಲು ಬಂದಿದ್ದ. ಹೆಸರಿನ ಮಾತು ಬಂದಾಗ ಬಾಬುಲಾಲ ಪೆನ್ನು ಕೆಳಗಿಟ್ಟ. ಕಲ್ಮೇಶ ತಲೆಯ ಟೊಪ್ಪಿಗೆ ಸರಿ ಮಾಡಿಕೊಂಡು, ಮನೆಯವರೆಲ್ಲ ಕೂತು ತೀರ್ಮಾನಿಸಿದ್ದಾಗಿದೆ, ಸಿಂದಗಿಯ ಅಕ್ಕನೂ ಒಪ್ಪಿದ್ದಾಳೆ ಎಂದ. ಸುಖಾಗಮನ ಬಯಸುವವರಲ್ಲಿ ಮೊದಲ ಹೆಸರು ಮಾನಪ್ಪನದು. ಅವನು ಯಾರಿಗೂ ಏನೂ ಆಗಬೇಕಾದವನಲ್ಲ, ಹೀಗಾಗಿ ಅವನ ಕೆಳಗೆ ಇರಲು ಯಾರಿಗೂ ನಾಚಿಕೆಯಿಲ್ಲ.

ಬಾಬುಲಾಲ ಹಾಗೆಯೇ ಅಚ್ಚು ಹಾಕಿದ. ಮೊದಲ ಪ್ರತಿಯನ್ನು ಅಖ್ತರಬೇಗಂ ಕೈಗೆ ತೆಗೆದುಕೊಂಡು ಮೇಲಿಂದ ಕೆಳಗಿನ ತನಕ ಓದಿ, ಮಾನಪ್ಪನ ಅಂಗಡಿಗೆ ತಾನೇ ಹೋಗಿ ಕೊಟ್ಟುಬಂದಳು.